ಒಂದೇ ಪ್ರಸಂಗ, ಬೇರೆ ಬೇರೆ ಕಿವಿ

ಭಾನುವಾರದ ಆರಾಧನೆಯಲ್ಲಿ ಕೇಳಿದ ಒಂದೇ ಪ್ರಸಂಗ ಒಬ್ಬರ ಮನಸ್ಸನ್ನು ಕಲಕುತ್ತದೆ. ಪಕ್ಕದಲ್ಲೇ ಕುಳಿತವರಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಹಾಗೆ ಬರಿಗೈಯಲ್ಲಿ ಹೊರಟವರಿಗೆ ಭಕ್ತಿ ಸಾಲದು ಎನ್ನುವುದು ಅವಸರದ ತೀರ್ಪು. ಎಷ್ಟೋ ಸಲ ಅಂತರವಿರುವುದು ನಂಬಿಕೆಯಲ್ಲಲ್ಲ, ಮನಸ್ಸಿನ ರೂಢಿಯಲ್ಲಿ. ಗ್ರಹಿಸುವಾಗ ಕೆಲವರು ಕಣ್ಣು ಕಿವಿಗೆ ಸಿಕ್ಕ ವಿವರವನ್ನು ನೆಚ್ಚುತ್ತಾರೆ, ಕೆಲವರು ಅದರಾಚೆಯ ಹೊಳಹನ್ನು ಅರಸುತ್ತಾರೆ. ತೀರ್ಮಾನಿಸುವಾಗ ಕೆಲವರಿಗೆ ತರ್ಕ ಮೊದಲು, ಕೆಲವರಿಗೆ ಭಾವ ಮೊದಲು. 1921ರಲ್ಲಿ ಮನೋವಿಜ್ಞಾನಿ ಕಾರ್ಲ್ ಯೂಂಗ್ ಮಂಡಿಸಿದ ಈ ವಿಂಗಡಣೆಯನ್ನು ಇಂಗ್ಲೆಂಡಿನ ಆಂಗ್ಲಿಕನ್ ಸಭೆಗಳಿಗೆ ಹಚ್ಚಿ ನೋಡಿದವರು ಲೆಸ್ಲಿ ಫ್ರಾನ್ಸಿಸ್ ಮತ್ತು ಆಂಡ್ರ್ಯೂ ವಿಲೇಜ್. 2005ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 404 ಸಾಮಾನ್ಯ ಸಭಿಕರು ಮಾರ್ಕನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ ಕಥೆಯನ್ನು, ದೆವ್ವ ಹಿಡಿದ ಹುಡುಗ ಗುಣವಾದದ್ದನ್ನು, ಓದಿ ತಮಗೊಪ್ಪುವ ವ್ಯಾಖ್ಯಾನವನ್ನು ಆರಿಸಿಕೊಂಡರು. ಆಯ್ಕೆ ಬಹುಮಟ್ಟಿಗೆ ಅವರವರ ಮನೋಧರ್ಮದ ಕಡೆಗೇ ವಾಲಿತ್ತು.

ನನಗೆ ಇದಕ್ಕಿಂತ ಕಳವಳದ ಸಂಗತಿಯೆನಿಸುವುದು ವೇದಿಕೆಗೂ ಬೆಂಚಿಗೂ ನಡುವಿನ ಅಂತರ. 2007ರ ಇನ್ನೊಂದು ಅಧ್ಯಯನದಲ್ಲಿ ಇಂಗ್ಲೆಂಡಿನ 626 ಪುರುಷ ಪಾದ್ರಿಗಳ ಪೈಕಿ ಶೇ. 62ರಷ್ಟು ಮಂದಿ ಹೊಳಹಿನ ಕಡೆಯವರು. ಅಲ್ಲಿನ ಸಭಿಕರಲ್ಲಾದರೋ ವಿವರವನ್ನು ನೆಚ್ಚುವವರೇ ಬಹುಪಾಲು. ಪ್ರಸಂಗಿ ತನಗೆ ರುಚಿಸಿದ್ದನ್ನೇ ಬಡಿಸಿದರೆ ಹೆಚ್ಚಿನವರು ಹಸಿದೇ ಏಳುತ್ತಾರೆ, ಆ ಹಸಿವನ್ನು ಅಸಡ್ಡೆಯೆಂದು ಅವನು ತಪ್ಪು ತಿಳಿಯುತ್ತಾನೆ.

ಇಂಥ ಅಧ್ಯಯನಗಳು ಬಳಸುವ ಮನೋಧರ್ಮದ ಪರೀಕ್ಷೆಗಳು ಗಟ್ಟಿಯಲ್ಲ, ಮನುಷ್ಯರನ್ನು ಎರಡೇ ಗೂಡಿಗೆ ತುಂಬುತ್ತವೆ ಎಂಬ ಆಕ್ಷೇಪವಿದೆ. ಅದು ಸರಿಯೇ. ಹೆಚ್ಚಿನವರು ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ. ಯಾರಿಗೂ ಇದನ್ನು ಹಣೆಪಟ್ಟಿಯಾಗಿ ಅಂಟಿಸಬಾರದು. ಆದರೆ ಒಲವು ಕಡಿಮೆ ಹೆಚ್ಚಾಗಿರಬಹುದೆಂಬುದರಿಂದ ಒಲವೇ ಇಲ್ಲವೆಂದಾಗದು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ದೇವರ ವಾಕ್ಯವನ್ನು ಕೇಳುಗರ ಅಭಿರುಚಿಗೆ ತಕ್ಕಂತೆ ಕತ್ತರಿಸಬಹುದೇ? ಫ್ರಾನ್ಸಿಸ್ ಸೂಚಿಸುವ ಕ್ರಮ ಕತ್ತರಿಸುವುದಲ್ಲ, ಒಂದೇ ಭಾಗವನ್ನು ಒಂದೇ ಸಭೆಯೆದುರು ವಿವರ, ಹೊಳಹು, ಭಾವ, ತರ್ಕ ಎಂಬ ನಾಲ್ಕೂ ಬಗೆಯಲ್ಲಿ ತೆರೆಯುವುದು. ಅದರಿಂದ ಪ್ರತಿಯೊಬ್ಬನೂ ತನಗೆ ಒಗ್ಗದ ಬಗೆಯಲ್ಲೂ ಕೇಳಬೇಕಾಗುತ್ತದೆ. ಮಾರ್ಕನ ಆ ಕಥೆಯನ್ನೇ ನೋಡಿ. ಬೆಂಕಿಗೂ ನೀರಿಗೂ ಬೀಳುವ, ನೊರೆ ಕಾರುವ ಮಗುವಿನ ದೇಹದ ವಿವರ ಅಲ್ಲಿದೆ. ನಂಬಿಕೆ ಅಪನಂಬಿಕೆಗಳ ನಡುವೆ ತೊಳಲುವ ತಂದೆಯ ಮೊರೆಯಿದೆ. ನಮ್ಮಿಂದೇಕೆ ಆಗಲಿಲ್ಲವೆಂದು ಶಿಷ್ಯರು ಆಮೇಲೆ ಕೇಳುವ ಕಾರಣದ ಪ್ರಶ್ನೆಯಿದೆ. ಸತ್ತಂತೆ ಬಿದ್ದ ಹುಡುಗನನ್ನು ಯೇಸು ಕೈಹಿಡಿದು ಎಬ್ಬಿಸುವಲ್ಲಿ ಪುನರುತ್ಥಾನದ ಸುಳಿವೂ ಇದೆ. ಇವುಗಳಲ್ಲಿ ಒಂದನ್ನೇ ಎತ್ತಿಕೊಂಡು ವರ್ಷಗಟ್ಟಲೆ ಬೋಧಿಸುವ ಪ್ರಸಂಗಿಯೇ ವಾಕ್ಯವನ್ನು ಅಭಿರುಚಿಗೆ, ತನ್ನದೇ ಅಭಿರುಚಿಗೆ, ಕತ್ತರಿಸುತ್ತಿರುವವನು.