ಹಾಸಿಗೆಗೆ ಮಾತ್ರ ವಿಮೆಯೇ, ಮನೆಗೆ ಬರುವ ಡಾಕ್ಟರಿಗೆ ಇಲ್ಲವೇ?

ರೋಗಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದರೆ ವಿಮಾ ಕಂಪೆನಿ ಬಿಲ್ಲು ಕೊಡುತ್ತದೆ. ಅದೇ ರೋಗಿಯನ್ನು ಮನೆಗೆ ಕರೆತಂದು, ನರ್ಸ್ ಇಟ್ಟು, ಡಾಕ್ಟರು ವಾರಕ್ಕೊಮ್ಮೆ ಬಂದು ಗಾಯ ನೋಡಿ, ಮದ್ದು ಬದಲಿಸಿ ಹೋದರೆ ಆ ಖರ್ಚು ಹೆಚ್ಚಾಗಿ ನಮ್ಮ ತಲೆಗೇ. ಕರಾವಳಿಯಿಂದ ಬಂದು ಪೀಣ್ಯದ ಕಾರ್ಖಾನೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುತ್ತಾ ರಾಜಗೋಪಾಲನಗರದ ಬಾಡಿಗೆ ಮನೆಗಳಲ್ಲಿರುವ ನಮ್ಮವರಿಗೆ ಇದು ಸಣ್ಣ ಮಾತಲ್ಲ. ಪಾರ್ಶ್ವವಾಯು ಬಡಿದ ಬಾಪನನ್ನು ಮೂರನೇ ಮಹಡಿಯಿಂದ ಇಳಿಸಿ ಆಸ್ಪತ್ರೆಗೆ ಒಯ್ದು ತರೋದರೊಳಗೆ ಮಗನ ಒಂದು ದಿನದ ಸಂಬಳ ಹೋಗಿರುತ್ತದೆ.

ಪಾಲಿಸಿಗಳಲ್ಲಿ ‘ಡೊಮಿಸಿಲಿಯರಿ’ ಅಂದರೆ ಮನೆ ಚಿಕಿತ್ಸೆ ಎಂಬ ಕಲಂ ಇರುವುದು ನಿಜ. ಆದರೆ ಷರತ್ತು ನೋಡಿ: ಕಾಯಿಲೆ ಆಸ್ಪತ್ರೆಗೆ ಸೇರಿಸುವಂಥದ್ದೇ ಆಗಿರಬೇಕು, ರೋಗಿಯನ್ನು ಸಾಗಿಸಲಾಗದ ಸ್ಥಿತಿ ಇರಬೇಕು, ಇಲ್ಲವೇ ಆಸ್ಪತ್ರೆಯಲ್ಲಿ ಜಾಗ ಸಿಗದಿರಬೇಕು. ಹಲವು ಪಾಲಿಸಿಗಳು ಅಸ್ತಮಾ, ಸಕ್ಕರೆ ಕಾಯಿಲೆ, ಬಿಪಿಯನ್ನು ಇದರಿಂದ ಹೊರಗಿಟ್ಟಿವೆ. ತಿಂಗಳುಗಟ್ಟಲೆ ಮಲಗಿರುವ ಉಮ್ಮ ಈ ಲೆಕ್ಕದಲ್ಲಿ ಎಲ್ಲೂ ಸೇರೋದಿಲ್ಲ.

ಮನೆಗೆ ಡಾಕ್ಟರು ಬಂದದ್ದು ನಿಜವೇ ಎಂದು ನೋಡುವವರು ಯಾರು ಎಂಬುದು ಕಂಪೆನಿಗಳ ಸಂಶಯ. ಅದಕ್ಕೆ ಉತ್ತರ ಈ ದೇಶದಲ್ಲೇ ಸಿಕ್ಕಿದೆ. 2020ರ ಜುಲೈಯಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ ಬಂದ ‘ಕೊರೋನಾ ಕವಚ್’ ಪಾಲಿಸಿ, ಮನೆಯಲ್ಲೇ ಪಡೆದ ಚಿಕಿತ್ಸೆಗೆ 14 ದಿನದವರೆಗೆ ಹಣ ಕೊಡುತ್ತಿತ್ತು. ಡಾಕ್ಟರ ಫೀಸು, ನರ್ಸಿಂಗ್, ಮದ್ದು ಎಲ್ಲಾ ಅದರಲ್ಲಿತ್ತು. ಷರತ್ತು ಇಷ್ಟೇ: ಮನೆ ಚಿಕಿತ್ಸೆಗೆ ಡಾಕ್ಟರೇ ಸಲಹೆ ಕೊಟ್ಟಿರಬೇಕು, ದಿನಾ ರೋಗಿಯ ಸ್ಥಿತಿ ಗಮನಿಸಬೇಕು, ಅದನ್ನು ಚಾರ್ಟಿನಲ್ಲಿ ಬರೆದು ಸಹಿ ಹಾಕಿರಬೇಕು. ಕೊರೋನಾಕ್ಕೆ ನಂಬಿದ ಆ ಚಾರ್ಟನ್ನು ಪಾರ್ಶ್ವವಾಯುವಿಗೆ, ಕ್ಯಾನ್ಸರಿಗೆ ಯಾಕೆ ನಂಬಬಾರದು?

ಇನ್ನು ಇಎಸ್ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರ ವೇತನದಿಂದ ಶೇ. 0.75, ಮಾಲೀಕರಿಂದ ಶೇ. 3.25 ಅದಕ್ಕೆ ಹೋಗುತ್ತದೆ. ವೈದ್ಯಕೀಯ ಸೌಲಭ್ಯವನ್ನು ವಿಮೆದಾರನ ಮನೆಗೆ ಭೇಟಿ ಕೊಟ್ಟೂ ನೀಡಬಹುದು ಎಂದು 1948ರ ಇಎಸ್ಐ ಕಾಯ್ದೆಯ 56ನೇ ಕಲಮೇ ಹೇಳಿತ್ತು. ಕಾಯ್ದೆಯೇ ಹೇಳಿದ್ದ ಮಾತನ್ನು ಕೇಳಲು ನಾವು ಯಾಕೆ ಹಿಂಜರಿಯಬೇಕು? ಕಾರ್ಮಿಕ ಸಂಘಗಳ ಬೇಡಿಕೆ ಪಟ್ಟಿಯಲ್ಲಿ ಇದೂ ಇರಲಿ.

ಆದರೆ ಕೇಳುವ ಬಾಯಿ ಶುದ್ಧವಾಗಿರಬೇಕು. ಬಾರದ ದಿನಕ್ಕೂ ಡಾಕ್ಟರಿಂದ ಸಹಿ ಹಾಕಿಸುವುದು, ಎರಡು ಭೇಟಿಯನ್ನು ಆರು ಮಾಡುವುದು ಜಾಣತನವಲ್ಲ, ಪಕ್ಕಾ ಮೋಸ. ಆ ಸಹಿ ಒಂದು ಅಮಾನತ್. ಒಬ್ಬನ ಸುಳ್ಳು ಬಿಲ್ಲು ಹತ್ತು ಮನೆಯ ನಿಜವಾದ ರೋಗಿಗಳ ಬಾಗಿಲು ಮುಚ್ಚುತ್ತದೆ.

ಹಾಗಾಗಿ ಮನೆಯಲ್ಲಿ ಒಂದು ನೋಟ್‌ಬುಕ್ ಇಡೋಣ. ಡಾಕ್ಟರು ಬಂದ ತಾರೀಕು, ಕಂಡದ್ದು, ಬದಲಿಸಿದ ಮದ್ದು, ಸಹಿ, ನೋಂದಣಿ ಸಂಖ್ಯೆ, ರಶೀದಿ ಎಲ್ಲಾ ಅದರಲ್ಲಿರಲಿ. ಮನೆ ಚಿಕಿತ್ಸೆ ಶುರು ಮಾಡುವ ಮೊದಲೇ ಕಂಪೆನಿಯಿಂದ ಲಿಖಿತ ಉತ್ತರ ಕೇಳೋಣ. ಕ್ಲೇಮು ತಿರಸ್ಕರಿಸಿದರೆ ಮೊದಲು ಕಂಪೆನಿಗೇ ದೂರು ಕೊಡಿ. ಅಲ್ಲೂ ನ್ಯಾಯ ಸಿಗದಿದ್ದರೆ ಒಂದು ವರ್ಷದೊಳಗೆ ಜೆ.ಪಿ. ನಗರದಲ್ಲಿರುವ ವಿಮಾ ಲೋಕಪಾಲರ ಕಚೇರಿಗೆ ಹೋಗಬಹುದು. ಅಲ್ಲಿ ಫೀಸಿಲ್ಲ, ವಕೀಲರೂ ಬೇಕಿಲ್ಲ. ಅರ್ಜಿ ಬರೆಯಲು ಬಾರದವರಿಗೆ ಜಮಾಅತಿನ ಓದಿದ ಯುವಕರು ವಾರಕ್ಕೆ ಒಂದು ಗಂಟೆ ಕೊಟ್ಟರೂ ಸಾಕು, ಎಷ್ಟೋ ಮನೆಗಳ ಭಾರ ಇಳಿಯುತ್ತದೆ.