ಜೋಲಿಯ ಹಗ್ಗ ಯಾರ ಕೈಯಲ್ಲಿ?



ಸಂಘದ ಕಾರ್ಯಕ್ರಮಗಳಿಗೆ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬರುವ ನಿಮ್ಮಂಥ ಎಳೆಯ ತಾಯ್ತಂದೆಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. "ಆಂಟೀ, ಮಗು ರಾತ್ರಿಯೆಲ್ಲ ಎಚ್ಚರವಾಗಿರುತ್ತದೆ. ಅತ್ತೆ ಜೋಲಿ ಕಟ್ಟು ಅನ್ನುತ್ತಾರೆ, ಡಾಕ್ಟರು ಬೇಡ ಅನ್ನುತ್ತಾರೆ. ಯಾರ ಮಾತು ಕೇಳಬೇಕು?" ಎರಡು ದಿಕ್ಕಿನ ಸಲಹೆ, ನಡುವೆ ನಿದ್ದೆಗೆಟ್ಟ ಇಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಅದು ಹೇಗೆ ಎಂದು ಈ ಸಲ ನೋಡೋಣ.

ಜೋಲಿ ನಮ್ಮವರಿಗೆ ಹೊಸದಲ್ಲ. ಅಜ್ಜಿಯ ಮೆತ್ತಗಾದ ಹತ್ತಿಯ ಸೀರೆಯನ್ನು ಎರಡು ಮಡಿಕೆ ಮಾಡಿ ತೊಲೆಗೆ ಕಟ್ಟಿದರೆ ಕೂಸಿನ ಮಂಚ ಸಿದ್ಧವಾಯಿತು. ಮರಾಠಿಯವರು ಅದನ್ನು ಝೋಳಿ ಎನ್ನುತ್ತಾರೆ, ತಮಿಳರು ತೂಳಿ ಎನ್ನುತ್ತಾರೆ. ಹೊಲದ ಬದುವಿನ ಮರದಲ್ಲಿ, ಕಟ್ಟಡ ಕೆಲಸದ ಜಾಗದಲ್ಲಿ ಎರಡು ಕಂಬಗಳ ನಡುವೆ ಇಂದಿಗೂ ನೀವು ಅದನ್ನು ಕಾಣಬಹುದು. ಉಳ್ಳವರ ಮನೆಗೆ ಮರದ ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲಿನ ಹೆಸರನ್ನು ನಿಮ್ಮ ಅಜ್ಜಿಯಂದಿರು ಕೇಳಿಯೇ ಇರುತ್ತಾರೆ. ಅರಗಿನ ಬಣ್ಣದಲ್ಲಿ ಪುರಾಣದ ಚಿತ್ರಗಳನ್ನು ಬರೆದ ಆ ತೊಟ್ಟಿಲನ್ನು ತವರಿನವರು ಕೊಡುತ್ತಿದ್ದರು, ಅದು ತಲೆಮಾರುಗಳನ್ನು ತೂಗುತ್ತಿತ್ತು. ಇಂಗ್ಲಿಷಿನ 'ಹ್ಯಾಮಕ್' ಎಂಬ ಪದ ಕೆರಿಬಿಯನ್ ದ್ವೀಪಗಳ ತಾಯ್ನೋ ಜನರ ಭಾಷೆಯಿಂದ ಸ್ಪ್ಯಾನಿಷಿನ ಮೂಲಕ ಬಂದದ್ದು. ಸಮುದ್ರದಾಚೆಯ ಜನರೂ ತೂಗುವ ಹಾಸಿಗೆಯನ್ನು ತಾವಾಗಿಯೇ ಕಂಡುಕೊಂಡಿದ್ದರು.

ಮೊದಲು, ಮಗು ರಾತ್ರಿ ಏಕೆ ಎಚ್ಚರವಿರುತ್ತದೆ ಎಂಬುದನ್ನು ತಿಳಿಯಿರಿ. ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ತೊಂದರೆ ಏನೆಂದರೆ, ಅದು ಒಂದೇ ಸಮನೆ ಮಲಗುವುದಿಲ್ಲ. ಹೊಟ್ಟೆ ಚಿಕ್ಕದು, ಎರಡು ಮೂರು ಗಂಟೆಗೊಮ್ಮೆ ಹಾಲು ಬೇಕು. ಹಗಲು ಯಾವುದು, ಇರುಳು ಯಾವುದು ಎಂಬ ತಿಳಿವಳಿಕೆ ದೇಹಕ್ಕೆ ಬರಲು ಎರಡು ಮೂರು ತಿಂಗಳಾದರೂ ಬೇಕು. ಮೇಲಾಗಿ ಅದರ ನಿದ್ದೆಯಲ್ಲಿ ಸುಮಾರು ಅರ್ಧದಷ್ಟು ಹಗುರವಾದದ್ದು. ಆಗ ಅದು ಮುಖ ಕಿವುಚುತ್ತದೆ, ಕೈಕಾಲು ಆಡಿಸುತ್ತದೆ, ಕುಂಯ್ ಎನ್ನುತ್ತದೆ, ಎಚ್ಚರವಾಗಿರುವುದಿಲ್ಲ. ಸದ್ದು ಕೇಳಿದೊಡನೆ ಎತ್ತಿಕೊಂಡರೆ ಮಲಗಿದ್ದ ಮಗುವನ್ನು ನಾವೇ ಎಬ್ಬಿಸಿದಂತೆ. ಅರ್ಧ ನಿಮಿಷ ಕಾದು ನೋಡಿ. ಹಗಲು ಮನೆಯಲ್ಲಿ ಬೆಳಕೂ ಮಾತುಕತೆಯೂ ಇರಲಿ. ರಾತ್ರಿ ಹಾಲೂಡಿಸುವಾಗ ದೀಪ ಮಂದವಾಗಿರಲಿ, ಆಟವಾಡಿಸಬೇಡಿ, ಮೊಬೈಲಿನ ಬೆಳಕೂ ಬೇಡ.

ಇನ್ನು ತೂಗುವ ವಿಚಾರ. ಅದೇನು ಬರೀ ಅಜ್ಜಿಯರ ನಂಬಿಕೆಯಲ್ಲ. ಒಂಬತ್ತು ತಿಂಗಳು ತಾಯಿ ನಡೆದಾಗಲೆಲ್ಲ ಕೂಸು ಒಳಗೆ ತೂಗಾಡಿದೆ. ಜಪಾನಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ತಾಯಿ ಕೂಸನ್ನು ಎತ್ತಿಕೊಂಡು ನಡೆಯತೊಡಗಿದ ಕೂಡಲೇ ಅದರ ಅಳು ಇಳಿಯುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಸುಮ್ಮನೆ ಎತ್ತಿಕೊಂಡು ಕುಳಿತರೆ ಅಷ್ಟು ಪರಿಣಾಮವಿಲ್ಲ. ದೊಡ್ಡವರಿಗೂ ಇದು ಅನ್ವಯಿಸುತ್ತದೆ. ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ 2011ರಲ್ಲಿ ಮತ್ತು 2019ರಲ್ಲಿ ದೊಡ್ಡವರನ್ನೇ ತೂಗುವ ಹಾಸಿಗೆಯಲ್ಲಿ ಮಲಗಿಸಿ ನೋಡಿದರು. ನಾಲ್ಕು ಸೆಕೆಂಡಿಗೆ ಒಂದು ಸಲದಂತೆ ಮೆಲ್ಲಗೆ ತೂಗಿದಾಗ ಅವರಿಗೆ ಬೇಗ ನಿದ್ದೆ ಬಂತು, ನಿದ್ದೆ ಗಾಢವೂ ಆಯಿತು. ನಿಮ್ಮ ಅತ್ತೆಯ ಮಾತಿನಲ್ಲಿ ಹುರುಳಿದೆ ಎಂದೆನಲ್ಲ, ಅದು ಇದೇ.

ಹಾಗಾದರೆ ಡಾಕ್ಟರು ಬೇಡ ಎನ್ನುವುದೇಕೆ? ಅವರು ಹೆದರುವುದು ತೂಗುವುದಕ್ಕಲ್ಲ, ಜೋಲಿಯ ಆಕಾರಕ್ಕೆ. ಕೂಸಿನ ತಲೆ ದೊಡ್ಡದು, ಭಾರ, ಕತ್ತು ಬಲವಿಲ್ಲದ್ದು, ಶ್ವಾಸನಾಳ ಮೆತ್ತನೆಯದು. ಸೀರೆಯ ಗುಳಿಯಲ್ಲಿ ಬೆನ್ನು ಬಾಗಿ, ಗಲ್ಲ ಎದೆಗೆ ತಾಗಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ದೊಡ್ಡವರಾದರೆ ತಲೆ ಎತ್ತಿಕೊಳ್ಳುತ್ತೇವೆ, ಕೂಸಿಗೆ ಆ ಶಕ್ತಿ ಇಲ್ಲ. ಇದು ಸದ್ದಿಲ್ಲದೆ ನಡೆಯುತ್ತದೆ, ಅಳುವುದಕ್ಕೂ ಉಸಿರು ಬೇಕಲ್ಲ. ಎರಡನೆಯದಾಗಿ, ಬಟ್ಟೆಯ ಅಂಚು ಮುಖದ ಮೇಲೆ ಮುಚ್ಚಿಕೊಳ್ಳಬಹುದು. ಮೂರನೆಯದಾಗಿ, ಮಗ್ಗುಲಾಗಲು ಕಲಿತ ಮಗು ಕವುಚಿಕೊಂಡು ಬಟ್ಟೆಗೆ ಮುಖ ಒತ್ತಿಕೊಳ್ಳಬಹುದು, ಇಲ್ಲವೇ ಹೊರಗೆ ಬೀಳಬಹುದು. ಆದ್ದರಿಂದಲೇ ಮಗುವನ್ನು ಗಟ್ಟಿಯಾದ, ಸಮತಟ್ಟಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿ ಎಂದು ಜಗತ್ತಿನ ಮಕ್ಕಳ ವೈದ್ಯರು ಹೇಳುತ್ತಾರೆ. ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಆರಂಭವಾಯಿತು. ನಿದ್ದೆಯಲ್ಲಿ ಕಾರಣವಿಲ್ಲದೆ ಶಿಶುಗಳು ಸಾಯುವ ಪ್ರಮಾಣ ಮುಂದಿನ ವರ್ಷಗಳಲ್ಲಿ ಅಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಹತ್ತು ಡಿಗ್ರಿಗಿಂತ ಹೆಚ್ಚು ಓರೆಯಾದ ಶಿಶು ಹಾಸಿಗೆಗಳನ್ನು 2022ರಲ್ಲಿ ಆ ದೇಶ ಕಾನೂನಿನಿಂದಲೇ ನಿಷೇಧಿಸಿತು.

"ಹಾಗಿದ್ದರೆ ನಾವೆಲ್ಲ ಜೋಲಿಯಲ್ಲೇ ಬೆಳೆದೆವಲ್ಲ, ನಮಗೇನಾಯಿತು?" ಎಂದು ಮನೆಯ ಹಿರಿಯರು ಕೇಳುತ್ತಾರೆ. ಸಹಜವಾದ ಪ್ರಶ್ನೆ. ಏನೋ ಆದವರು ಇಂದು ಉತ್ತರ ಹೇಳಲು ಉಳಿದಿಲ್ಲ ಎಂಬುದು ಒಂದು ಮಾತು. ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಇನ್ನೊಂದು.

ಆಗಿನ ಜೋಲಿಗೆ ಒಂದು ಹಗ್ಗವಿತ್ತು, ಆ ಹಗ್ಗದ ತುದಿಯಲ್ಲಿ ಒಂದು ಕೈ ಇತ್ತು. ಅಜ್ಜಿ ಬತ್ತಿ ಹೊಸೆಯುತ್ತಾ ಎಳೆಯುತ್ತಿದ್ದಳು, ಅತ್ತೆ ಸೊಪ್ಪು ಬಿಡಿಸುತ್ತಾ ಎಳೆಯುತ್ತಿದ್ದಳು, ಶಾಲೆಯಿಂದ ಬಂದ ಅಕ್ಕ ಮಗ್ಗಿ ಬಾಯಿಪಾಠ ಮಾಡುತ್ತಾ ಎಳೆಯುತ್ತಿದ್ದಳು. ಹಗ್ಗ ಹಿಡಿದವರು ನಡುನಡುವೆ ಇಣುಕಿ ನೋಡುತ್ತಿದ್ದರು, ಮುಖದ ಬಟ್ಟೆ ಸರಿಸುತ್ತಿದ್ದರು. ಜೋಲಿ ಎಂದರೆ ಬಟ್ಟೆ ಮಾತ್ರವಲ್ಲ, ಬಟ್ಟೆಯ ಜೊತೆಗೆ ಎಚ್ಚರವಿರುವ ಒಬ್ಬ ಮನುಷ್ಯ. ಈಗ ಡೊಂಬಿವಲಿಯ, ಪುಣೆಯ, ಹೈದರಾಬಾದಿನ ಎರಡು ಕೋಣೆಯ ಫ್ಲಾಟಿನಲ್ಲಿ ಬಟ್ಟೆ ಉಳಿದಿದೆ, ಆ ಮನುಷ್ಯ ಕಾಣೆಯಾಗಿದ್ದಾನೆ. ಇರುವವರು ಇಬ್ಬರು, ಅವರಿಬ್ಬರೂ ದಣಿದವರು. ರಾತ್ರಿ ಎರಡು ಗಂಟೆಗೆ ಜೋಲಿಯಲ್ಲಿ ಹಾಕಿ, ಮಲಗಿತಲ್ಲ ಎಂದು ತಾವೂ ಒರಗಿದರೆ ಬೆಳಗಿನವರೆಗೆ ಇಣುಕಿ ನೋಡುವವರು ಯಾರು?

ಕಾಯುವವರು ಇಲ್ಲದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಮುಂಬಯಿಯಲ್ಲೇ ಹಳೆಯ ಉದಾಹರಣೆ ಇದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಎಷ್ಟೋ ತಾಯಂದಿರು ಕೂಸು ಅಳದೆ ಮಲಗಿರಲೆಂದು ಅಫೀಮು ಬೆರೆತ 'ಬಾಲ ಗೋಳಿ' ಕೊಡುತ್ತಿದ್ದರು. ಅವರು ಕ್ರೂರಿಗಳಾಗಿರಲಿಲ್ಲ, ಅವರ ಕೂಸಿನ ಹಗ್ಗ ಹಿಡಿಯಲು ಯಾರೂ ಇರಲಿಲ್ಲ ಅಷ್ಟೆ. ಇಂದು ಆ ಗುಳಿಗೆ ಇಲ್ಲ. ಆದರೆ ನಿದ್ದೆ ಬರಿಸುವ ನೆಗಡಿಯ ಸಿರಪ್ಪನ್ನು ಒಂದು ಚಮಚ ಕುಡಿಸಿ ಎನ್ನುವ ಪುಣ್ಯಾತ್ಮರು ಇದ್ದಾರೆ. ಅಂಥ ಮಾತನ್ನು ಕಿವಿಗೇ ಹಾಕಿಕೊಳ್ಳಬೇಡಿ. ಹಾಗೆಯೇ ಕರೆಂಟಿನಿಂದ ತಾನಾಗಿ ತೂಗುವ ಜೋಲಿಗಳು ಮಾರುಕಟ್ಟೆಯಲ್ಲಿವೆ. ಅವು ಮೋಸವೆಂದು ನಾನು ಹೇಳುವುದಿಲ್ಲ. ಆದರೆ ಮೋಟಾರಿಗೆ ತೂಗಲು ಬರುತ್ತದೆ, ಇಣುಕಿ ನೋಡಲು ಬರುವುದಿಲ್ಲ.

ಹೀಗಾಗಿ ನನ್ನ ಸಲಹೆ ಇಷ್ಟೆ: ಜೋಲಿ ಮಲಗಿಸುವುದಕ್ಕೆ ಇರಲಿ, ಮಲಗಿರುವುದಕ್ಕೆ ಬೇಡ. ನೀವು ಎಚ್ಚರವಿದ್ದು, ಕಣ್ಣೆದುರಿಗೆ ತೂಗಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಸಾಗಿಸಿ. "ಸಾಗಿಸಿದ ಕೂಡಲೇ ಎದ್ದುಬಿಡುತ್ತದೆ" ಎಂಬುದು ನಿಮ್ಮ ಮುಂದಿನ ಪ್ರಶ್ನೆ. ಅದಕ್ಕೂ 2022ರಲ್ಲಿ ಜಪಾನಿನ ಅದೇ ಸಂಶೋಧಕರು ಒಂದು ಉಪಾಯ ಕೊಟ್ಟಿದ್ದಾರೆ. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆಯಿರಿ. ನಿದ್ದೆ ಬಂದ ಮೇಲೆ ಕೂಡಲೇ ಇಳಿಸದೆ, ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕುಳಿತಿರಿ. ಆಮೇಲೆ ಮಲಗಿಸಿ. ಕೂಸು ಏಳುವುದು ಹಾಸಿಗೆ ತಾಗಿದ್ದಕ್ಕಲ್ಲ, ನಮ್ಮ ಮೈಯಿಂದ ಬೇರೆಯಾದದ್ದಕ್ಕೆ. ನಿದ್ದೆ ಸ್ವಲ್ಪ ಆಳಕ್ಕೆ ಇಳಿದಿದ್ದರೆ ಆ ಅಗಲಿಕೆ ಅದಕ್ಕೆ ತಿಳಿಯುವುದಿಲ್ಲ. ಎಲ್ಲ ಮಕ್ಕಳಿಗೂ, ಎಲ್ಲ ರಾತ್ರಿಯೂ ಇದು ಫಲಿಸುತ್ತದೆ ಎಂದಲ್ಲ, ಆದರೆ ಖರ್ಚಿಲ್ಲದ ಪ್ರಯತ್ನ. ಜೋಲಿಯಿಂದ ಎತ್ತುವಾಗಲೂ ಇದೇ ಕ್ರಮ: ಮೊದಲು ತೋಳಿಗೆ, ಸ್ವಲ್ಪ ಹೊತ್ತು ಅಲ್ಲಿ, ಆಮೇಲೆ ಹಾಸಿಗೆಗೆ.

ಕಟ್ಟುವುದಾದರೆ ಈ ಮಾತುಗಳನ್ನು ನೆನಪಿಡಿ. ಫ್ಯಾನಿನ ಕೊಕ್ಕೆಗೆ ಕಟ್ಟಬೇಡಿ. ಸ್ಲ್ಯಾಬಿನೊಳಗೆ ಭದ್ರವಾಗಿ ಕೂರಿಸಿದ ಬೇರೆ ಕೊಂಡಿ ಬೇಕು, ಇಲ್ಲವೇ ಅಗಲ ಕಾಲಿನ ಕಬ್ಬಿಣದ ಸ್ಟ್ಯಾಂಡು. ಮಗುವನ್ನು ಹಾಕುವ ಮೊದಲು ನಿಮ್ಮ ಕೈಯಿಂದ ಬಲವಾಗಿ ಜಗ್ಗಿ ನೋಡಿ, ದಿನವೂ ಗಂಟು ಪರೀಕ್ಷಿಸಿ. ಬಟ್ಟೆ ಹತ್ತಿಯದೇ ಇರಲಿ, ನೈಲಾನ್ ಜಾರುತ್ತದೆ, ಸೆಕೆಯೂ ಹೌದು. ಮೇಲೆ ಒಂದು ಅಡ್ಡಕೋಲು ಸಿಕ್ಕಿಸಿದರೆ ಬಟ್ಟೆಯ ಬಾಯಿ ತೆರೆದಿರುತ್ತದೆ, ಮುಖ ಮುಚ್ಚುವುದಿಲ್ಲ. ನೆಲದಿಂದ ಒಂದಡಿಗಿಂತ ಎತ್ತರ ಬೇಡ, ಕೆಳಗೆ ಹಾಸಿಗೆ ಇರಲಿ. ಒಳಗೆ ದಿಂಬು, ಹೊದಿಕೆ, ಗೊಂಬೆ ಏನೂ ಬೇಡ. ಮಗು ಅಂಗಾತವಿರಲಿ, ಗಲ್ಲಕ್ಕೂ ಎದೆಗೂ ನಡುವೆ ಎರಡು ಬೆರಳು ಹಿಡಿಸಲಿ. ತೂಗುವುದು ಮೆಲ್ಲಗೆ, ಸಿಟ್ಟಿನಲ್ಲಿ ಕುಲುಕಿದರೆ ಎಳೆಯ ಮಿದುಳಿಗೆ ಪೆಟ್ಟು. ಮಗು ಮಗ್ಗುಲಾಗಲು ಕಲಿತ ದಿನವೇ ಜೋಲಿಯ ಕೊನೆಯ ದಿನ. ಇನ್ನೊಂದು ಮಾತು: ಮಗು ಒಳಗಿಲ್ಲದಾಗ ಸೀರೆಯನ್ನು ಬಿಚ್ಚಿಡಿ. ದೊಡ್ಡ ಮಕ್ಕಳು ಅದರಲ್ಲಿ ಕುಳಿತು ಗಿರಗಿರನೆ ಸುತ್ತಿ ಆಡುವಾಗ ಕುತ್ತಿಗೆಗೆ ಬಿಗಿದು ಪ್ರಾಣ ಹೋದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಹಾಸಿಗೆ ಎಂದೊಡನೆ ದುಬಾರಿ ಮಂಚ ಕೊಳ್ಳಬೇಕಾಗಿಲ್ಲ. ನಿಮ್ಮ ಮಂಚದ ಪಕ್ಕದಲ್ಲೇ ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಕೌದಿಯನ್ನು ಸುಕ್ಕಿಲ್ಲದೆ ಹರಡಿದರೆ ಗಟ್ಟಿಯಾದ ಸಮತಟ್ಟು ಜಾಗವಾಯಿತು. ಮೊದಲ ಆರು ತಿಂಗಳಾದರೂ ಕೂಸು ನಿಮ್ಮ ಕೋಣೆಯಲ್ಲೇ ಇರಲಿ. ಎದೆಯ ಮೇಲೆ ಮಗುವನ್ನು ಹಾಕಿಕೊಂಡು ಸೋಫಾದಲ್ಲಿ ತೂಕಡಿಸುವುದು ಮಾತ್ರ ಬಲು ಅಪಾಯ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ, ಹಾಲು ಬಿಟ್ಟರೆ, ಅಳು ಎಂದಿನಂತಿಲ್ಲದೆ ಕೀರಲಾಗಿದ್ದರೆ ತೂಗುತ್ತ ಕೂರಬೇಡಿ, ಡಾಕ್ಟರ ಬಳಿಗೆ ಓಡಿ.

ಗಂಡುಮಕ್ಕಳಿಗೆ ಎರಡು ಮಾತು. ಹಾಲೂಡಿಸುವುದೊಂದನ್ನು ಬಿಟ್ಟರೆ ಇಲ್ಲಿ ಹೇಳಿದ ಯಾವ ಕೆಲಸಕ್ಕೂ ತಾಯಿಯೇ ಆಗಬೇಕೆಂದಿಲ್ಲ. ಐದು ನಿಮಿಷ ನಡೆಯಲು ಅಪ್ಪನ ಕಾಲೂ ಸಾಕು. ರಾತ್ರಿಯನ್ನು ಎರಡು ಪಾಳಿ ಮಾಡಿಕೊಳ್ಳಿ, ಒಬ್ಬರಿಗೆ ಒಂದೇ ಸಮನೆ ನಾಲ್ಕು ಗಂಟೆಯಾದರೂ ನಿದ್ದೆ ಸಿಗಲಿ. ಬಾಣಂತಿಯ ಕಣ್ಣೀರು ಎರಡು ವಾರ ದಾಟಿದರೂ ನಿಲ್ಲದಿದ್ದರೆ ಅದು ನಖರಾ ಅಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಊರಿನಿಂದ ಅಮ್ಮನನ್ನೋ ಚಿಕ್ಕಮ್ಮನನ್ನೋ ಕರೆಸಿಕೊಳ್ಳುವುದು, ಪಕ್ಕದ ಮನೆಯವರಿಗೆ ಮಧ್ಯಾಹ್ನ ಎರಡು ಗಂಟೆ ಮಗುವನ್ನು ಒಪ್ಪಿಸುವುದು ಸೋಲಲ್ಲ. ಹಗ್ಗಕ್ಕೆ ಕೈಗಳನ್ನು ಹುಡುಕುವುದು ಎಂದರೆ ಇದೇ.

ಕೊನೆಗೆ ಜೋಗುಳ. ಕೂಸು ಹುಟ್ಟುವಾಗಲೇ ಅಮ್ಮನ ದನಿಯನ್ನು ಬಲ್ಲದು ಎಂದು 1980ರಷ್ಟು ಹಿಂದೆಯೇ ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ನಿಮ್ಮಲ್ಲಿ ಕೆಲವರಿಗೆ ಈ ಅಂಕಣವನ್ನು ಅಮ್ಮನೇ ಓದಿ ಹೇಳುತ್ತಾರೆ ಎಂದು ನನಗೆ ಗೊತ್ತು, ಅದಕ್ಕೆ ಸಂಕೋಚ ಬೇಡ. ಜೋಗುಳಕ್ಕೆ ಅಕ್ಷರ ಬೇಕಿಲ್ಲ, ರಾಗ ತಪ್ಪಿದರೂ ಕೇಳುಗ ದೂರು ಕೊಡುವುದಿಲ್ಲ. ಕನ್ನಡ ಶಾಲೆ ದೂರವಿರುವ ಈ ಊರುಗಳಲ್ಲಿ ನಿಮ್ಮ ಮಗುವಿನ ಮೊದಲ ಕನ್ನಡ ಪಾಠ ರಾತ್ರಿ ಎರಡು ಗಂಟೆಗೆ, ಮಂದ ದೀಪದಲ್ಲಿ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಹಾಡುವ ಜೋಗುಳವಿದ್ದರೆ ಬರೆದೋ ಧ್ವನಿಮುದ್ರಿಸಿಯೋ ಸಂಪಾದಕರಿಗೆ ಕಳುಹಿಸಿ. ಯಾವ ಊರಿನ ಹಾಡು, ಯಾರು ಹಾಡುತ್ತಿದ್ದರು ಎಂಬುದನ್ನೂ ತಿಳಿಸಿ. ಮುಂದಿನ ಸಂಚಿಕೆಗಳಲ್ಲಿ ಒಂದೊಂದಾಗಿ ಹಂಚಿಕೊಳ್ಳೋಣ.