ಟಂಟಂ ತುಂಬುವ ತನಕ

ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದ ಒಂದು ಷರಾವನ್ನು ಹಿಂತೆಗೆದುಕೊಳ್ಳಬೇಕಾಗಿದೆ. ಆಳಂದದ ಬೋಧನಾಭ್ಯಾಸದಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಸಿ ಭಾಷೆಯ ಪಾಠ ಮಾಡುತ್ತ, ಒಂದು ಸಾಲನ್ನು ‘ಪ್ರಿಂಟ್‌ಎಫ್’ನಿಂದ, ಮುಂದಿನದನ್ನು ‘ರೈಟ್’ನಿಂದ ಬರೆಸಿದರು. ಪರದೆಯ ಮೇಲೆ ಎರಡೂ ಕ್ರಮವಾಗಿ ಬಂದವು. ಅದೇ ಫಲಿತವನ್ನು ಫೈಲಿಗೆ ತಿರುಗಿಸಿದಾಗ ಎರಡನೆಯ ಸಾಲು ಮೊದಲು ಬಂತು. “ಮೇಡಂ, ಸ್ಕ್ರೀನ್ ಮ್ಯಾಗ ಬರೋಬರಿ ಬಂದದ, ಫೈಲಿನಾಗ ಉಲ್ಟಾ ಯಾಕ್ರೀ?” ಎಂದ ಒಬ್ಬ ಹುಡುಗ. ಅವರು ತಡವರಿಸಿದರು. ಹಿಂದಿನ ಬೆಂಚಿನಲ್ಲಿದ್ದ ನಾನು ‘ವಿಷಯಜ್ಞಾನ ಸಾಲದು, ಎರಡು ವಿಧಾನ ಬೆರೆಸಬಾರದು’ ಎಂದು ಬರೆದು ಅಂಕ ಕಳೆದೆ. ಆ ಹುಡುಗ ನನ್ನನ್ನೇ ಕೇಳಿದ್ದರೆ ನಾನೂ ತಡವರಿಸುತ್ತಿದ್ದೆ.

ಜೇವರ್ಗಿಯ ರಸ್ತೆಬದಿಯ ಟಂಟಂ ಇದನ್ನು ನನಗಿಂತ ಚೆನ್ನಾಗಿ ಕಲಿಸುತ್ತದೆ. ಟಂಟಂ ತುಂಬದೆ ಹೊರಡುವುದಿಲ್ಲ. ಆಮೇಲೆ ಬಂದ ಬೈಕಿನವನು ಮೊದಲೇ ಊರು ಮುಟ್ಟುತ್ತಾನೆ. ‘ಪ್ರಿಂಟ್‌ಎಫ್’ ಅಕ್ಷರಗಳನ್ನು ಪ್ರೋಗ್ರಾಮಿನದೇ ಬಫರಿನಲ್ಲಿ ಕೂರಿಸುತ್ತದೆ. ‘ರೈಟ್’ ನೇರವಾಗಿ ಆಪರೇಟಿಂಗ್ ಸಿಸ್ಟಂಗೆ ಒಪ್ಪಿಸುತ್ತದೆ. ಲಿನಕ್ಸ್‌ನಲ್ಲಿ ಪರದೆಗೆ ಹೋಗುವ ಬಫರು ಸಾಲು ಮುಗಿದೊಡನೆ ಖಾಲಿಯಾಗುತ್ತದೆ, ಫೈಲಿಗೆ ಹೋಗುವುದು ತುಂಬಿದಾಗ ಅಥವಾ ಪ್ರೋಗ್ರಾಂ ಸರಿಯಾಗಿ ಮುಗಿದಾಗ ಮಾತ್ರ. ‘ಎಫ್‌ಫ್ಲಶ್’ ಎಂದರೆ “ಇದ್ದಷ್ಟು ಮಂದಿನ್ನ ಕರಕೊಂಡು ನಡಿಯಪ್ಪ” ಎಂದು ಡ್ರೈವರನಿಗೆ ಹೇಳಿದಂತೆ. ಪ್ರೋಗ್ರಾಂ ನಡುವೆಯೇ ಸತ್ತರೆ ಒಳಗೆ ಕುಳಿತವರು ಊರು ಮುಟ್ಟುವುದೇ ಇಲ್ಲ. ಕಾಯಿಸುವುದಕ್ಕೂ ಕಾರಣವಿದೆ: ಒಂದೊಂದು ಅಕ್ಷರಕ್ಕೂ ಸಿಸ್ಟಂನ ಬಾಗಿಲು ತಟ್ಟಿದರೆ ಕೆಲಸ ಬಹಳ ನಿಧಾನವಾಗುತ್ತದೆ.

ಅಫಜಲಪುರದಲ್ಲಿ ಇದರ ಇನ್ನೊಂದು ಮುಖ ಕಂಡಿತು. ಅಂಕಪಟ್ಟಿಯ ಫೈಲಿನ ಮೊದಲ ಸಾಲನ್ನು ‘ಎಫ್‌ಗೆಟ್ಸ್’ನಿಂದ ಓದಿ, ಉಳಿದದ್ದನ್ನು ‘ರೀಡ್’ನಿಂದ ಓದಲು ಹೋದರು. ಏನೂ ಸಿಗಲಿಲ್ಲ. ಫೈಲೇ ಖಾಲಿ ಎಂದುಕೊಂಡರು ಮಕ್ಕಳು. ‘ಎಫ್‌ಗೆಟ್ಸ್’ ನಮಗೆ ಕೊಟ್ಟದ್ದು ಒಂದೇ ಸಾಲು. ಆದರೆ ಬಫರು ಒಂದೇ ಸಲಕ್ಕೆ, ಸಾಮಾನ್ಯವಾಗಿ 4096 ಬೈಟ್‌ಗಳಷ್ಟನ್ನು, ಮುಂಚಿತವಾಗಿ ಎಳೆದುಕೊಂಡಿರುತ್ತದೆ. ಸಣ್ಣ ಪಟ್ಟಿ ಅಷ್ಟರಲ್ಲೇ ಮುಗಿದಿತ್ತು. (ಇಲ್ಲಿ ಟಂಟಂ ಉಪಮೆ ಕೈಕೊಡುತ್ತದೆ. ಒಂದೇ ಉಪಮೆಯನ್ನು ಪಾಠದ ಕೊನೆಯವರೆಗೆ ಎಳೆಯುವುದು ನಮ್ಮ ಪಾಠಯೋಜನೆಗಳ ಹಳೆಯ ರೋಗ.)

‘ಬೆರೆಸಬೇಡಿ’ ಎಂಬ ಸೂತ್ರ ಪರೀಕ್ಷೆಗೆ ಸಾಕು, ಪಾಠಕ್ಕೆ ಸಾಲದು. ಅದು ಪೂರ್ತಿ ನಿಜವೂ ಅಲ್ಲ: ಬರೆಯುವಾಗ ‘ರೈಟ್’ಗೆ ಮೊದಲು ಬಫರು ಖಾಲಿ ಮಾಡಿಕೊಂಡರೆ ಬೆರೆಸಬಹುದು. ಆದ್ದರಿಂದ ಉಲ್ಟಾ ಬಂದ ಫೈಲಿನಿಂದಲೇ ಪಾಠ ಆರಂಭಿಸಬೇಕೆಂಬುದು ನನ್ನ ವಾದ. ಯಾವ ಸಾಲು ಮೊದಲು ಬರುತ್ತದೆ ಎಂದು ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆಯಲಿ, ಆಮೇಲೆ ಓಡಿಸಲಿ. ಇದಕ್ಕೆ ಹತ್ತು ನಿಮಿಷ ಹೋಗುತ್ತದೆ, ‘ಪಠ್ಯ ಮುಗಿಯಲಿಲ್ಲ’ ಎಂದು ವೀಕ್ಷಕರು ಬರೆಯುತ್ತಾರೆ ಎಂಬ ಭಯ ಪ್ರಶಿಕ್ಷಣಾರ್ಥಿಗಳಿಗಿದೆ. ಭಯ ಸುಳ್ಳಲ್ಲ. ಹಾಗೆ ಬರೆಯುವವರಲ್ಲಿ ನಾನೂ ಒಬ್ಬನಾಗಿದ್ದೆ.

ಆಳಂದದ ಅಂಕಗಳನ್ನು ತಿದ್ದಿದ್ದೇನೆ. ಆ ಹುಡುಗನಿಗೆ ಉತ್ತರ ಇನ್ನೂ ತಲುಪಿಲ್ಲ. ಸೋಮವಾರ ಅದೇ ಪ್ರಶಿಕ್ಷಣಾರ್ಥಿ ಅದೇ ತರಗತಿಗೆ ಹೋಗುತ್ತಾರೆ.